ಮೊದಲ ಚಟಪಟ, ಎರಡನೇ ಚಟಪಟ

ಹುರಿಯದ ಕಾಫಿ ಬೀಜಕ್ಕೆ ಕಾಫಿಯ ವಾಸನೆಯೇ ಇರುವುದಿಲ್ಲ. ಚಿಕ್ಕಮಗಳೂರಿನ, ಹಾಸನದ, ಕುಶಾಲನಗರದ ಕ್ಯೂರಿಂಗ್ ವರ್ಕ್ಸ್‌ಗಳ ಗೋದಾಮಿಗೆ ಮೊದಲ ಸಲ ಕಾಲಿಟ್ಟವರು ಮೂಗರಳಿಸಿ ಪೆಚ್ಚಾಗುವುದುಂಟು. ಗೋಣಿಚೀಲಗಳಲ್ಲಿ ತುಂಬಿಟ್ಟ ನಸುಹಸಿರು ಬೀಜದಿಂದ ಬರುವುದು ಒಣಹುಲ್ಲಿನ, ಹಸಿ ಕಾಳಿನ ವಾಸನೆ. ಕಚ್ಚಿ ನೋಡಿದರೆ ಹಲ್ಲೇ ಸೋಲುವಷ್ಟು ಗಟ್ಟಿ. ಬೆಳಗ್ಗೆ ಎದ್ದ ಕೂಡಲೇ ಮನೆಮಂದಿಯೆಲ್ಲ ಹಂಬಲಿಸುವ ಆ ಪರಿಮಳ ಹುಟ್ಟುವುದು ಬೆಂಕಿಯ ಮೇಲೆ, ಹತ್ತು-ಹದಿನೈದು ನಿಮಿಷದ ಹುರಿಯುವಿಕೆಯಲ್ಲಿ.

ಆ ಹುರಿತವನ್ನು ಯಾವ ಗಳಿಗೆಯಲ್ಲಿ ನಿಲ್ಲಿಸಬೇಕು? ಲೈಟ್, ಮೀಡಿಯಂ, ಡಾರ್ಕ್ ಎಂಬ ಮೂರು ಹೆಸರುಗಳ ಹಿಂದಿರುವುದು ಇದೊಂದೇ ಪ್ರಶ್ನೆ. ಬಹುತೇಕ ಸಂದರ್ಭಗಳಲ್ಲಿ ಒಂದು ಹೆಸರಿಗೂ ಇನ್ನೊಂದಕ್ಕೂ ನಡುವಿನ ಅಂತರ ಒಂದೆರಡು ನಿಮಿಷ ಮಾತ್ರ.

ಕರ್ನಾಟಕಕ್ಕೆ ಕಾಫಿ ಬಂದ ಕಥೆಯ ಜೀವಾಳವೂ ಹುರಿಯುವುದರಲ್ಲೇ ಇದೆ. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಮೆಕ್ಕಾ ಯಾತ್ರೆ ಮುಗಿಸಿ ಬರುವಾಗ ಯೆಮನ್‌ನ ಮೋಕಾದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಎಂಬುದು ಪ್ರತೀತಿ. ಹುರಿದದ್ದೋ ಬೇಯಿಸಿದ್ದೋ ಆದ ಬೀಜವನ್ನಷ್ಟೇ ಅರಬರು ಹೊರಗೆ ಬಿಡುತ್ತಿದ್ದರಂತೆ, ಬೇರೆಯವರು ಬೆಳೆಯಬಾರದೆಂದು. ಹುರಿದ ಬೀಜ ಮೊಳೆಯುವುದಿಲ್ಲವಲ್ಲ. ಬಾಬಾ ಕದ್ದು ತಂದದ್ದು ಹಸಿ ಬೀಜ.

ಹುರಿಯುವ ಯಂತ್ರದ ಎದುರು ನಿಂತವರಿಗೆ ಮೊದಲು ಕೇಳಿಸುವುದು ಮಳೆ ಸುರಿದಂಥ ಸದ್ದು: ತಿರುಗುವ ಕಬ್ಬಿಣದ ಡ್ರಮ್ಮಿನೊಳಗೆ ಬೀಜಗಳು ಉರುಳಾಡುವುದು. ಡ್ರಮ್ಮನ್ನು ಮೊದಲೇ ಚೆನ್ನಾಗಿ ಕಾಯಿಸಿಟ್ಟಿರುತ್ತಾರೆ. ತಣ್ಣನೆಯ ಬೀಜ ಬಿದ್ದೊಡನೆ ಉಷ್ಣಾಂಶ ತೋರಿಸುವ ಅಂಕಿ ಸರ್ರನೆ ಇಳಿದು, ಒಂದೆರಡು ನಿಮಿಷ ತಡೆದು, ಮತ್ತೆ ಏರತೊಡಗುತ್ತದೆ. ಬೀಜದಲ್ಲಿ ನೂರಕ್ಕೆ ಹತ್ತು-ಹನ್ನೆರಡು ಪಾಲು ನೀರಿರುತ್ತದೆ. ಮೊದಲು ಅದು ಆರಬೇಕು. ಡ್ರಮ್ಮಿನ ಮುಖಕ್ಕೆ ಸಿಕ್ಕಿಸಿರುವ ಸಣ್ಣ ಸೌಟನ್ನು ಹುರಿಯುವವರು ಆಗಾಗ ಹೊರಗೆಳೆದು, ನಾಲ್ಕು ಬೀಜದ ಬಣ್ಣ ನೋಡಿ, ಮೂಸಿ, ಮತ್ತೆ ಒಳಕ್ಕೆ ತಳ್ಳುತ್ತಾರೆ. ಹಸಿರು ಮಾಸಿ ಹಳದಿಯಾದಾಗ ಹುಲ್ಲಿನ ವಾಸನೆ ಹೋಗಿ ಬೇಕರಿಯ ವಾಸನೆ ಬರುತ್ತದೆ. ಸಕ್ಕರೆಯ ಅಂಶವೂ ಅಮೈನೋ ಆಮ್ಲಗಳೂ ಬಿಸಿಯಲ್ಲಿ ಕೂಡಿ ಕಂದು ಬಣ್ಣವನ್ನೂ ನೂರಾರು ಬಗೆಯ ಪರಿಮಳವನ್ನೂ ಹುಟ್ಟಿಸುವ ಕ್ರಿಯೆ ಆಗ ಶುರುವಾಗಿರುತ್ತದೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮೀ ಮೈಯಾರ್ 1912ರಲ್ಲಿ ವಿವರಿಸಿದ್ದು ಇದನ್ನೇ. ದೋಸೆಯ ಅಂಚು ಕೆಂಪಗಾಗುವುದರ ಹಿಂದಿರುವುದೂ ಇದೇ ಕ್ರಿಯೆ.

ಸುಮಾರು 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಡ್ರಮ್ಮಿನಿಂದ ಚಟ್, ಚಟ್ ಎಂಬ ಸದ್ದು ಒಂದೊಂದಾಗಿ ಶುರುವಾಗಿ ಜೋರಾಗುತ್ತದೆ. ಬೀಜದೊಳಗೆ ಹಬೆ, ಅನಿಲಗಳ ಒತ್ತಡ ತಾಳಲಾರದೆ ಅದು ಸಿಡಿದು ಹಿಗ್ಗುವ ಸದ್ದು. ಇದು ಮೊದಲ ಚಟಪಟ. ಬೀಜದ ನಡುಗೀರಿನಲ್ಲಿ ಅಂಟಿಕೊಂಡಿದ್ದ ತೆಳು ಸಿಪ್ಪೆ ಹೊಟ್ಟಾಗಿ ಹಾರುತ್ತದೆ. ಈ ಸದ್ದು ಮುಗಿಯುತ್ತಲೇ, ಇಲ್ಲವೇ ಮುಗಿಯುವ ಮುನ್ನವೇ ಬೀಜವನ್ನು ತಣಿಸುವ ತಟ್ಟೆಗೆ ಸುರಿದರೆ ಅದು ಲೈಟ್ ರೋಸ್ಟ್. ಬಣ್ಣ ದಾಲ್ಚಿನ್ನಿಯದು, ಮೈ ಒಣಗಿದ್ದು, ತೂಕದಲ್ಲಿ ನೂರಕ್ಕೆ ಹನ್ನೆರಡರಷ್ಟು ಕಡಿಮೆಯಾಗಿರುತ್ತದೆ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ಮೊದಲ ಸದ್ದಿಗೂ ಎರಡನೆಯದಕ್ಕೂ ನಡುವಿನ ನಿಶ್ಶಬ್ದದಲ್ಲಿ ಇಳಿಸಿದರೆ ಮೀಡಿಯಂ. 225 ಡಿಗ್ರಿಯ ಆಸುಪಾಸಿನಲ್ಲಿ ಎರಡನೇ ಚಟಪಟ ಕೇಳುತ್ತದೆ. ಮೊದಲಿನಷ್ಟು ಜೋರಿಲ್ಲ, ಸಣ್ಣಗೆ, ಬಿಡುವಿಲ್ಲದೆ ಚಿಟಿಚಿಟಿ ಎನ್ನುತ್ತದೆ. ಬೀಜದ ಒಳಗೋಡೆಗಳೇ ಒಡೆಯುತ್ತಿರುತ್ತವೆ. ಒಳಗಿನ ಎಣ್ಣೆ ಮೇಲಕ್ಕೆ ಒಸರುತ್ತದೆ, ಹೊಗೆ ನೀಲಿಯಾಗುತ್ತದೆ. ಇದು ಡಾರ್ಕ್ ರೋಸ್ಟ್‌ನ ಸೀಮೆ. ಇಲ್ಲಿ ಅರ್ಧ ನಿಮಿಷ ಮೈಮರೆತರೂ ಕೈಗೆ ಸಿಗುವುದು ಇದ್ದಿಲು.

ಅಂಕಿಅಂಶ ಬಿಟ್ಟು ನಾಲಗೆಗೆ ಬಂದರೆ ಲೆಕ್ಕ ಹೀಗೆ. ಲೈಟ್ ರೋಸ್ಟ್‌ನಲ್ಲಿ ಬೀಜದ ಸ್ವಂತ ರುಚಿ ಉಳಿದಿರುತ್ತದೆ: ಹಣ್ಣಿನ ಹುಳಿ, ಹೂವಿನ ಪರಿಮಳ, ಯಾವ ಬೆಟ್ಟದ ಯಾವ ತಳಿ ಎಂಬುದರ ಗುರುತು. ಡಾರ್ಕ್ ರೋಸ್ಟ್‌ನಲ್ಲಿ ಮಾತಾಡುವುದು ಬೆಂಕಿ. ಹುಳಿ ಸುಟ್ಟುಹೋಗಿ, ಸಕ್ಕರೆ ಕಪ್ಪಾಗಿ, ಕಹಿ ಮತ್ತು ಹೊಗೆ ಮುಂದೆ ಬರುತ್ತವೆ. ಹಸಿ ಬೀಜದ ಕ್ಲೋರೋಜೆನಿಕ್ ಆಮ್ಲಗಳಲ್ಲಿ ಬಹುಪಾಲು ಡಾರ್ಕ್‌ಗೆ ಬರುವಷ್ಟರಲ್ಲಿ ಒಡೆದುಹೋಗಿರುತ್ತವೆ. ಮೀಡಿಯಂ ಇವೆರಡರ ರಾಜಿ. ರಾಜಿ ಎಂದ ಮಾತ್ರಕ್ಕೆ ಸಪ್ಪೆ ಎಂದುಕೊಳ್ಳಬೇಕಿಲ್ಲ. ಸಿಹಿ ಹೆಚ್ಚು ತಿಳಿಯುವುದು ಅಲ್ಲೇ.

ಹೋಟೆಲಿನ ಗಲ್ಲಾದ ಮುಂದೆ "ಒಂದು ಸ್ಟ್ರಾಂಗ್ ಕಾಫಿ" ಎಂದರೆ ಅರ್ಥ ಸ್ಪಷ್ಟ: ಡಿಕಾಕ್ಷನ್ ಜಾಸ್ತಿ, ಹಾಲು ಕಡಿಮೆ. ಬೀಜ ಕೊಳ್ಳುವಾಗ ಮಾತ್ರ ಈ ಪದ ದಾರಿ ತಪ್ಪಿಸುತ್ತದೆ. ಕಪ್ಪಾದಷ್ಟೂ ಸ್ಟ್ರಾಂಗ್, ಕಪ್ಪಾದಷ್ಟೂ ಕೆಫೀನ್ ಹೆಚ್ಚು ಎಂದು ನಂಬಿದವರು ಬಹಳ. ಹುರಿಯುವಾಗ ಕೆಫೀನ್ ಅಷ್ಟೇನೂ ಕರಗುವುದಿಲ್ಲ. ತೂಗಿ ಹಾಕಿದರೆ ಡಾರ್ಕ್‌ನಲ್ಲಿ ತುಸು ಹೆಚ್ಚು, ಏಕೆಂದರೆ ಬೀಜ ಹಗುರಾಗಿರುತ್ತದೆ. ಚಮಚದಲ್ಲಿ ಅಳೆದರೆ ಲೈಟ್‌ನಲ್ಲಿ ತುಸು ಹೆಚ್ಚು, ಏಕೆಂದರೆ ಅದು ಒತ್ತಾಗಿರುತ್ತದೆ. ನಿಜವಾದ ವ್ಯತ್ಯಾಸ ಇರುವುದು ಜಾತಿಯಲ್ಲಿ. ಅರೇಬಿಕಾದಲ್ಲಿ ಕೆಫೀನ್ ಶೇ 1.2ರ ಸುಮಾರಿಗಿದ್ದರೆ ರೋಬಸ್ಟಾದಲ್ಲಿ ಶೇ 2ಕ್ಕೂ ಮೇಲೆ. ನಿದ್ದೆಗೆಡಬೇಕೆಂದು ಡಾರ್ಕ್ ರೋಸ್ಟ್ ಹುಡುಕುವವರು ರೋಬಸ್ಟಾ ಪಾಲು ಎಷ್ಟೆಂದು ಕೇಳುವುದು ಜಾಣತನ.

ಹಾಗಾದರೆ ಕರ್ನಾಟಕದ ಮನೆಗಳಲ್ಲಿ ಮೀಡಿಯಂಗೂ ಡಾರ್ಕ್‌ಗೂ ನಡುವಿನ ಹದವೇ ಯಾಕೆ ನೆಲೆಯೂರಿತು? ಇದಕ್ಕೆ ಬರೀ ರುಚಿ ಕಾರಣವಲ್ಲ.

ಮೊದಲನೆಯ ಕಾರಣ ಹಾಲು. ಲೈಟ್ ರೋಸ್ಟ್‌ನ ನವಿರಾದ ಹುಳಿ ಕುದಿಸಿದ ಗಟ್ಟಿ ಹಾಲಿನ ಕೆಳಗೆ ಮುಳುಗಿಹೋಗುತ್ತದೆ, ಇಲ್ಲವೇ ಅಸಹ್ಯವಾಗಿ ತಲೆ ಎತ್ತುತ್ತದೆ. ಕಹಿ ಹಾಗಲ್ಲ; ಹಾಲು, ಸಕ್ಕರೆಯ ಜೊತೆ ಅದಕ್ಕೆ ಒಳ್ಳೆಯ ಒಡನಾಟ. ಎರಡನೆಯದು ಫಿಲ್ಟರ್. ಹಿತ್ತಾಳೆಯದೋ ಸ್ಟೀಲಿನದೋ ಆ ಎರಡು ಪಾತ್ರೆಗಳಲ್ಲಿ ಬಿಸಿನೀರು ತಂತಾನೇ ತೊಟ್ಟಿಕ್ಕಬೇಕು, ಹಿಂಡುವ ಒತ್ತಡ ಇಲ್ಲ. ಹೆಚ್ಚು ಹುರಿದ ಬೀಜದ ಕಣ ಸಡಿಲವಾಗಿದ್ದು ಸಾರವನ್ನು ಬೇಗ ಬಿಟ್ಟುಕೊಡುತ್ತದೆ. ಲೈಟ್ ರೋಸ್ಟ್‌ನ ಪುಡಿ ಜಿಪುಣ. ಮೂರನೆಯದು ಚಿಕೋರಿ. ಗುಜರಾತ್, ಉತ್ತರ ಪ್ರದೇಶಗಳಲ್ಲಿ ಬೆಳೆಯುವ ಈ ಗಡ್ಡೆಯನ್ನು ಹುರಿದು ಬೆರೆಸಿದರೆ ಡಿಕಾಕ್ಷನ್‌ಗೆ ಬಣ್ಣ, ಮಂದ ಬರುತ್ತದೆ. ಕೆಫೀನ್ ಇದರಲ್ಲಿ ಇಲ್ಲವೇ ಇಲ್ಲ. ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ 51 ಇರಲೇಬೇಕೆಂದು ಕಾನೂನು ಹೇಳುವುದರಿಂದಲೇ 53:47 ಎಂಬಂಥ ವಿಚಿತ್ರ ಲೆಕ್ಕಗಳು ಪ್ಯಾಕೆಟ್ ಮೇಲೆ ಕಾಣುವುದು. ಅಷ್ಟು ಚಿಕೋರಿಯ ಕೆಳಗೆ ಬೀಜ ಬಾಬಾಬುಡನ್‌ಗಿರಿಯದೋ ಮಡಿಕೇರಿಯದೋ ಎಂದು ಯಾವ ನಾಲಗೆಯೂ ಹೇಳಲಾರದು.

ನಾಲ್ಕನೆಯ ಕಾರಣವನ್ನು ಮಾತ್ರ ಅಡುಗೆಮನೆಯಲ್ಲಿ ಹುಡುಕಬಾರದು, ಸರ್ಕಾರಿ ಕಡತದಲ್ಲಿ ಹುಡುಕಬೇಕು. 1942ರ ಕಾಫಿ ಕಾಯ್ದೆಯ ಪ್ರಕಾರ ಬೆಳೆಗಾರರು ತಮ್ಮ ಫಸಲನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು. ಪೀಬೆರಿ, ಪ್ಲಾಂಟೇಷನ್ ಎ, ಚೆರಿ ಎಂದು ದರ್ಜೆವಾರು ವಿಂಗಡಣೆ ನಡೆಯುತ್ತಿತ್ತು. ಒಂದೇ ದರ್ಜೆಯ ಬೀಜ ಯಾವ ತೋಟದ್ದಾದರೂ ಒಂದೇ ರಾಶಿ ಸೇರುತ್ತಿತ್ತು. ಸಾಲಕ್ಕೆ ಸಿಕ್ಕಿದ್ದ ಬೆಳೆಗಾರನಿಗೆ ಪೂಲ್‌ನಿಂದ ಒಂದು ಬಗೆಯ ಭದ್ರತೆ ಸಿಕ್ಕಿತು ಎನ್ನುವವರಿದ್ದಾರೆ, ಅದು ಸುಳ್ಳಲ್ಲ. ಆದರೆ ತೋಟದ ಹೆಸರು ಚೀಲದಲ್ಲೇ ಅಳಿಸಿಹೋಗುವ ವ್ಯವಸ್ಥೆಯಲ್ಲಿ ಬೀಜದ ಸ್ವಂತ ರುಚಿ ತೋರಿಸುವ ಲೈಟ್ ರೋಸ್ಟ್‌ಗೆ ಕೆಲಸವಾದರೂ ಏನು? 1992ರಿಂದ ಹಂತಹಂತವಾಗಿ ಬಿಗಿ ಸಡಿಲಗೊಂಡು 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಎಸ್ಟೇಟಿನ ಹೆಸರು, ತಳಿ, ಎತ್ತರ, ಹುರಿದ ದಿನಾಂಕ ಎಲ್ಲವನ್ನೂ ಅಚ್ಚು ಹಾಕಿದ ಕಾಲು ಕೆಜಿ ಪೊಟ್ಟಣಗಳು ಬೆಂಗಳೂರಿನ ಕಪಾಟುಗಳಿಗೆ ಬಂದದ್ದು ಆಮೇಲೆ. ಎಸ್.795, ಸೆಲೆಕ್ಷನ್ 9, ಚಂದ್ರಗಿರಿ ಮುಂತಾದ ತಳಿಗಳ ಹೆಸರು ಬೆಳೆಗಾರರ ಸಭೆ ದಾಟಿ ಕೆಫೆಯ ಮೆನುವಿಗೆ ಇಳಿದದ್ದೂ ಆಗಲೇ.

ಹಾಗೆಂದು ಲೈಟ್ ರೋಸ್ಟ್ ನಿನ್ನೆ ಮೊನ್ನೆಯ ಶೋಕಿ ಎಂದು ಮೂಗು ಮುರಿಯುವಂತಿಲ್ಲ. ಭಟ್ಕಳ, ಮಂಗಳೂರು, ಉಡುಪಿ ಕಡೆಯಿಂದ ಸೌದಿಗೆ ದುಡಿಯಲು ಹೋದವರನ್ನು ಕೇಳಿದರೆ ಸಾಕು. ಅಲ್ಲಿ ಖರ್ಜೂರದ ಜೊತೆ ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಕೊಡುವ ಗಹ್ವಾ ಹೊಂಬಣ್ಣದ್ದು. ಬೀಜವನ್ನು ತೀರಾ ಎಳೆಯದಾಗಿ ಹುರಿದು ಏಲಕ್ಕಿ ಹಾಕಿ ಕುದಿಸಿದ್ದು. ಹಾಲಿಲ್ಲ. ಮೊದಲ ಸಲ ಕುಡಿದವರಿಗೆ ಅದು ಕಾಫಿ ಎಂದೇ ಅನಿಸುವುದಿಲ್ಲ. ಅರಬ್ಬೀ ಕಾಫಿಯ ಈ ಆತಿಥ್ಯ ಪದ್ಧತಿಯನ್ನು 2015ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಅತ್ತ ಇಟಲಿಯಲ್ಲಿ ಉತ್ತರದಿಂದ ನೇಪಲ್ಸ್ ಕಡೆ ಇಳಿದಂತೆ ಬೀಜ ಕಪ್ಪಾಗುತ್ತ ಹೋಗುತ್ತದೆ. ಅಮೆರಿಕದಲ್ಲಿ ಆಲ್ಫ್ರೆಡ್ ಪೀಟ್ 1966ರಲ್ಲಿ ಬರ್ಕ್ಲಿಯಲ್ಲಿ ಅಂಗಡಿ ತೆರೆದು ಕಪ್ಪು ಹುರಿತದ ರುಚಿ ಹತ್ತಿಸಿದ. ಸ್ಟಾರ್‌ಬಕ್ಸ್‌ನ ಸ್ಥಾಪಕರು ಕಸುಬು ಕಲಿತದ್ದು ಅವನಿಂದ. ಅದೇ ಸ್ಟಾರ್‌ಬಕ್ಸ್ 2012ರಲ್ಲಿ ಬ್ಲಾಂಡ್ ಎಂಬ ಹೆಸರಿಟ್ಟು ಎಳೆ ಹುರಿತಕ್ಕೆ ಇಳಿಯಿತು.

ಇನ್ನೊಂದು ಜಾಗದಲ್ಲಿ ಎಳೆ ಹುರಿತಕ್ಕೆ ಯಾವಾಗಲೂ ಮಣೆ ಇತ್ತು: ರುಚಿ ಪರೀಕ್ಷಕರ ಮೇಜು. ಬೀಜದ ದೋಷ ಹಿಡಿಯಬೇಕಾದರೆ ಹುರಿತ ಹಗುರವಾಗಿರಬೇಕು. ಕಾಯಿಕೊರಕ ತಿಂದದ್ದು, ತೊಳೆಯುವಾಗ ಹೆಚ್ಚು ಹುದುಗಿದ್ದು, ಕಣದಲ್ಲಿ ಬೂಷ್ಟು ಹಿಡಿದದ್ದು ಎಲ್ಲವೂ ಲೈಟ್‌ನಲ್ಲಿ ಬಯಲಾಗುತ್ತವೆ, ಡಾರ್ಕ್‌ನಲ್ಲಿ ಹೊಗೆಯ ಹಿಂದೆ ಅಡಗುತ್ತವೆ. ಕಾಫಿ ಮಂಡಳಿಯಲ್ಲಿ ದಶಕಗಳ ಕಾಲ ರುಚಿ ನೋಡಿ, ಬಳಿಕ ಬೆಂಗಳೂರಿನಲ್ಲಿ ಕಾಫಿಲ್ಯಾಬ್ ಕಟ್ಟಿದ ಸುನಾಲಿನಿ ಮೆನನ್ ಅವರಂಥ ಪರಿಣತರ ವೃತ್ತಿ ನಿಂತಿರುವುದೇ ಇಂಥ ಬಟ್ಟಲುಗಳ ಮೇಲೆ. ಕಳಪೆ ಬೀಜ ಕೈಗೆ ಬಂದಾಗ ಕಪ್ಪಗೆ ಹುರಿದು ಕೈತೊಳೆದುಕೊಳ್ಳುವುದು ಜಗತ್ತಿನಾದ್ಯಂತ ಇರುವ ಹಳೆಯ ಉಪಾಯ. ಡಾರ್ಕ್ ಎಂದ ಕೂಡಲೇ ಮೋಸ ಎಂದಲ್ಲ, ಆದರೆ ಮೋಸಕ್ಕೆ ಅಲ್ಲಿ ಜಾಗ ಹೆಚ್ಚು.

ಎಲ್ಲ ಬೀಜಕ್ಕೂ ಎಳೆ ಹುರಿತ ಒಗ್ಗುವುದೂ ಇಲ್ಲ. ಭಾರತದ ಫಸಲಿನಲ್ಲಿ ಸುಮಾರು ಶೇ 70 ರೋಬಸ್ಟಾ. ಅರೇಬಿಕಾಕ್ಕೆ ಹೋಲಿಸಿದರೆ ಅದರಲ್ಲಿ ಸಕ್ಕರೆ ಕಡಿಮೆ. ಎಳೆಯದಾಗಿ ಹುರಿದರೆ ಹಸಿ ಕಾಳಿನ ವಾಸನೆ ಹೋಗುವುದು ಕಷ್ಟ. ಇನ್ನಷ್ಟು ಬೆಂಕಿ ಕೊಟ್ಟಾಗ ಅದೇ ರೋಬಸ್ಟಾ ಗಟ್ಟಿ ನೊರೆ, ತುಂಬು ಮೈ ಕೊಡುತ್ತದೆ. ಕೊಡಗಿನ ಬೀಜಕ್ಕೆ ಇಟಲಿಯ ಎಸ್ಪ್ರೆಸೊ ಮಿಶ್ರಣಗಳಲ್ಲಿ ಬೇಡಿಕೆ ಇರುವುದು ಇದಕ್ಕೇ. ಕರಾವಳಿಯ ಮಾನ್ಸೂನ್ಡ್ ಮಲಬಾರ್ ಇನ್ನೂ ವಿಚಿತ್ರ. ಮಳೆಗಾಲದ ತೇವದ ಗಾಳಿಗೆ ವಾರಗಟ್ಟಲೆ ಒಡ್ಡಿದ ಬೀಜ ಊದಿಕೊಂಡು, ಹುಳಿ ಕಳೆದುಕೊಂಡು, ಹುರಿಯುವ ಮೊದಲೇ ತಿಳಿ ಹಳದಿಯಾಗಿರುತ್ತದೆ. ಹುಳಿಯೇ ಇಲ್ಲದ ಬೀಜವನ್ನು ಲೈಟ್ ರೋಸ್ಟ್ ಮಾಡಿ ತೋರಿಸುವುದಾದರೂ ಏನನ್ನು?

ಮಲೆನಾಡಿನ, ಕೊಡಗಿನ ಹಳೆಯ ಮನೆಗಳಲ್ಲಿ ಕೆಂಡದ ಮೇಲಿಟ್ಟು ಹಿಡಿಕೆ ತಿರುಗಿಸುವ ಕಬ್ಬಿಣದ ಡಬ್ಬಿ ಇನ್ನೂ ಅಲ್ಲಲ್ಲಿ ಅಟ್ಟದ ಮೇಲೆ ಸಿಗುತ್ತದೆ. ತಾಪಮಾನದ ಅಂಕಿ ಇಲ್ಲ, ಹೊಗೆಯ ಬಣ್ಣ ಮತ್ತು ಸದ್ದೇ ಗುರುತು. ಹುರಿದ ಕೂಡಲೇ ಮೊರಕ್ಕೆ ಸುರಿದು ಕೇರಿ ಆರಿಸುತ್ತಿದ್ದರು, ಏಕೆಂದರೆ ಒಲೆಯಿಂದ ಇಳಿಸಿದ ಮೇಲೂ ಬೀಜ ತನ್ನ ಬಿಸಿಯಲ್ಲೇ ಹುರಿಯುತ್ತಿರುತ್ತದೆ. ಇವತ್ತಿನ ಯಂತ್ರಗಳ ಕೆಳಗೆ ಫ್ಯಾನು ಹಾಕಿದ ತಟ್ಟೆ ಮಾಡುವುದೂ ಇದೇ ಕೆಲಸ. ಹುರಿಯುವುದನ್ನು ಶಾಸ್ತ್ರೀಯವಾಗಿ ಕಲಿಯಬೇಕೆನ್ನುವವರಿಗೆ ಬೆಂಗಳೂರಿನಲ್ಲಿ ಕಾಫಿ ಮಂಡಳಿಯೇ 'ಕಾಪಿ ಶಾಸ್ತ್ರ' ಎಂಬ ತರಬೇತಿ ನಡೆಸುತ್ತದೆ.

ಕೊಳ್ಳುವವರಿಗೆ ಒಂದು ತೊಡಕು ಉಳಿದೇ ಇದೆ. ಲೈಟ್, ಮೀಡಿಯಂ, ಡಾರ್ಕ್ ಎಂಬ ಪದಗಳಿಗೆ ಎಲ್ಲರೂ ಒಪ್ಪಿದ ಗೆರೆ ಇಲ್ಲ. ಬಣ್ಣ ಅಳೆಯುವ ಆಗ್ಟ್ರಾನ್ ಎಂಬ ಮಾಪಕವಿದೆ, ಅಂಕಿ ಇಳಿದಷ್ಟೂ ಬೀಜ ಕಪ್ಪು. ಆದರೆ ಪೊಟ್ಟಣದ ಮೇಲೆ ಆ ಅಂಕಿ ಅಚ್ಚಾಗುವುದು ಅಪರೂಪ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಡಾರ್ಕ್ ಆಗಿರುವುದು ಮಾಮೂಲು. ಹಾಗಾಗಿ ಪದಕ್ಕಿಂತ ಬೀಜ ನೋಡುವುದು ಮೇಲು. ಮೈ ಒಣಗಿದ್ದು ತಿಳಿಗಂದಾಗಿದ್ದರೆ ಲೈಟ್. ಹಾಲು ಹಾಕದೆ, ಚೆನ್ನಾಗಿ ಕಾದ ನೀರಿನಲ್ಲಿ ಸೋಸಿ ಕುಡಿಯಲು ಸರಿ. ಎಣ್ಣೆ ಮಿನುಗುತ್ತಿದ್ದರೆ ಡಾರ್ಕ್. ಆ ಎಣ್ಣೆ ಗಾಳಿಗೆ ಬೇಗ ಕಮಟಾಗುವುದರಿಂದ ತಿಂಗಳಿಗಾಗುವಷ್ಟು ತಂದಿಡುವ ಬದಲು ವಾರಕ್ಕಾಗುವಷ್ಟು ಕೊಳ್ಳಬೇಕು. ಬೀಜ ತಂದು ಮನೆಯಲ್ಲೇ ಪುಡಿ ಮಾಡುವವರಿಗೆ ಎರಡೂ ಕಡೆ ಕಾಟ: ಎಣ್ಣೆ ಬಿಟ್ಟ ಡಾರ್ಕ್ ಬೀಜ ಜಾರಿನ ಗೋಡೆಗೆ ಅಂಟಿ ಕೂರುತ್ತದೆ, ಗಟ್ಟಿಯಾದ ಲೈಟ್ ಬೀಜ ಮಿಕ್ಸಿಯ ಬ್ಲೇಡಿಗೆ ಕಲ್ಲಿನಂತೆ ಬಡಿಯುತ್ತದೆ.