ಹೆಸರು ಮಾಡದ ತರಬೇತುದಾರರಿಗೆ ತಂಡ ಒಪ್ಪಿಸಬಹುದೇ?

ಕಾಲೇಜಿನ ಬಾಸ್ಕೆಟ್‌ಬಾಲ್ ತಂಡಕ್ಕೆ ಮುಖ್ಯ ತರಬೇತುದಾರರನ್ನು ಆರಿಸುವಾಗ ಆಡಳಿತ ಮಂಡಳಿಯ ಸಭೆಯಲ್ಲಿ ಸಾಮಾನ್ಯವಾಗಿ ಏಳುವ ಆಕ್ಷೇಪ ಒಂದೇ: ಇವರ ಹೆಸರು ಕೇಳಿದ ಹಾಗಿಲ್ಲವಲ್ಲ! ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ವಲಯಗಳಲ್ಲಿ ಈ ಮಾತಿಗೆ ಹೆಚ್ಚು ತೂಕ. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂ ಸಂಸ್ಥೆಗಳು ಕ್ರೀಡೆಯಲ್ಲಿ ದೊಡ್ಡ ಹೆಸರು ಗಳಿಸಿವೆ. ಧರ್ಮಕೇಂದ್ರಗಳು ಹಾಗೂ ಧರ್ಮಭಗಿನಿಯರು ನಡೆಸುವ ಸಣ್ಣ ಕಾಲೇಜುಗಳಿಗೆ ಹೆಸರಾಂತ ತರಬೇತುದಾರರ ಸಂಬಳ ಹೊಂದಿಸುವುದೇ ಕಷ್ಟ. ಹಾಗೆಂದು ತಂಡವನ್ನೇ ಕೈಬಿಡಬೇಕೇ?

ಈ ಪ್ರಶ್ನೆಗೆ ಚಿಕಾಗೋದ ಲೊಯೋಲಾ ವಿಶ್ವವಿದ್ಯಾನಿಲಯದ ಅನುಭವ ಉಪಯುಕ್ತ. ಜೆಸ್ವಿಟ್ ಗುರುಗಳ ಈ ಸಂಸ್ಥೆ 1963ರಲ್ಲಿ ಅಮೆರಿಕದ ರಾಷ್ಟ್ರೀಯ ಕಾಲೇಜು ಪ್ರಶಸ್ತಿ ಗೆದ್ದಿತ್ತು. ಅನಂತರ ಹಿಂದೆ ಬಿತ್ತು. 2011ರಲ್ಲಿ ಅದು ಪೋರ್ಟರ್ ಮೋಸರ್ ಅವರನ್ನು ನೇಮಿಸಿತು. ನಾಲ್ಕು ವರ್ಷಗಳ ಹಿಂದೆ ಬೇರೊಂದು ವಿಶ್ವವಿದ್ಯಾನಿಲಯ ಅವರನ್ನು ಕೆಲಸದಿಂದ ಬಿಡಿಸಿತ್ತು; ಬಳಿಕ ಅವರು ಸಹಾಯಕ ತರಬೇತುದಾರರಾಗಿದ್ದರು. ಮೊದಲ ವರ್ಷ ತಂಡ ಗೆದ್ದದ್ದು 7 ಪಂದ್ಯ, ಸೋತದ್ದು 23. ಆದರೂ ಸಂಸ್ಥೆ ತಾಳ್ಮೆ ಕಳೆದುಕೊಳ್ಳಲಿಲ್ಲ. 2018ರಲ್ಲಿ ಅದೇ ತಂಡ ರಾಷ್ಟ್ರದ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಯಿತು. ಆಗ 98ರ ಹರೆಯದ ಸಿಸ್ಟರ್ ಜೀನ್ ಆಟಗಾರರಿಗಾಗಿ ಪ್ರಾರ್ಥಿಸುತ್ತಿದ್ದುದನ್ನು ಜಗತ್ತೇ ನೋಡಿತು. ಅವರು 2025ರಲ್ಲಿ 106ನೇ ವಯಸ್ಸಿನಲ್ಲಿ ದೈವಾಧೀನರಾದರು.

ಡ್ಯೂಕ್ ವಿಶ್ವವಿದ್ಯಾನಿಲಯ 1980ರಲ್ಲಿ ನೇಮಿಸಿದ ಕಥೋಲಿಕ ತರಬೇತುದಾರ ಮೈಕ್ ಶಶೆವ್‌ಸ್ಕಿ ಅವರ ಹಿಂದಿನ ತಂಡ ಆ ವರ್ಷ 9 ಪಂದ್ಯ ಗೆದ್ದು 17ರಲ್ಲಿ ಸೋತಿತ್ತು. ಡ್ಯೂಕ್‌ನಲ್ಲಿ ಅವರ ಮೊದಲ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1991ರಲ್ಲಿ. 2022ರಲ್ಲಿ ನಿವೃತ್ತರಾಗುವ ಹೊತ್ತಿಗೆ ಐದು ಪ್ರಶಸ್ತಿಗಳಾಗಿದ್ದವು.

ಹಾಗೆಂದು ಹೆಸರಿಲ್ಲದವರೆಲ್ಲ ಬೂದಿ ಮುಚ್ಚಿದ ಕೆಂಡ ಎಂದು ಭಾವಿಸಬೇಕಾಗಿಲ್ಲ. ಹೆಸರು ನೋಡದೆ ನೇಮಿಸುವಾಗ ಉಳಿದುದನ್ನು ಹೆಚ್ಚು ಎಚ್ಚರಿಕೆಯಿಂದ ನೋಡಬೇಕು.

ಮೊದಲನೆಯದು ಅರ್ಹತೆ. ಪಟಿಯಾಲಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ (ಎನ್‌ಐಎಸ್) ಡಿಪ್ಲೊಮಾ ಇದ್ದರೆ ಒಳ್ಳೆಯದು. ಪ್ರಮಾಣಪತ್ರದ ಜೊತೆಗೆ, ಕೆಲವು ದಿನ ನಮ್ಮದೇ ಮಕ್ಕಳಿಗೆ ತರಬೇತಿ ಕೊಡಿಸಿ ನೋಡಬೇಕು. ನಮ್ಮೂರಿನಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಜೂನ್‌ನಿಂದ ಸೆಪ್ಟೆಂಬರ್ ತನಕ ಬಯಲು ಅಂಕಣ ಮಳೆಯಲ್ಲಿ ನೆನೆಯುವಾಗ ನೀವೇನು ಮಾಡುವಿರಿ? ಸಭಾಂಗಣದಲ್ಲೋ ಜಗಲಿಯಲ್ಲೋ ಚೆಂಡಿನ ಹಿಡಿತ, ಕಾಲಿನ ಚಲನೆ, ದೇಹದಾರ್ಢ್ಯ ಕಲಿಸುವ ಯೋಜನೆ ಇದ್ದವರು ಕೆಲಸ ಬಲ್ಲವರು.

ಎರಡನೆಯದು ನಡತೆ. ಹಿಂದೆ ಕೆಲಸ ಮಾಡಿದ ಕಡೆಗಳಲ್ಲಿ ನೇರವಾಗಿ ವಿಚಾರಿಸಬೇಕು. ಪಿಯುಸಿ ತರಗತಿಗಳಲ್ಲಿ 18 ತುಂಬದ ಮಕ್ಕಳಿರುವುದರಿಂದ 2012ರ ಪೋಕ್ಸೊ ಕಾಯಿದೆ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು. ಹುಡುಗಿಯರ ತಂಡದ ಜೊತೆ ಅಭ್ಯಾಸಕ್ಕೂ ಪ್ರವಾಸಕ್ಕೂ ಒಬ್ಬ ಶಿಕ್ಷಕಿ ಇರಲೇಬೇಕು. ಪರಿಚಯದವರು, ನಮ್ಮ ಚರ್ಚಿನವರು ಎಂಬ ಕಾರಣಕ್ಕೆ ಈ ಪರಿಶೀಲನೆಯನ್ನು ಬಿಡಬಾರದು.

ಮೂರನೆಯದು ಅಧಿಕಾರ ಮತ್ತು ಕಾಲಾವಕಾಶ. ನಮ್ಮ ಸಣ್ಣ ಕಾಲೇಜುಗಳಲ್ಲಿ ವಾಲಿಬಾಲ್, ಕಬಡ್ಡಿ, ಅಥ್ಲೆಟಿಕ್ಸ್ ಎಲ್ಲವನ್ನೂ ಒಬ್ಬರೇ ದೈಹಿಕ ಶಿಕ್ಷಣ ನಿರ್ದೇಶಕರು ನೋಡಿಕೊಳ್ಳುವುದುಂಟು. ಹೊಸಬರು ಬಂದಾಗ ತಂಡವನ್ನು ಆರಿಸುವವರು ಯಾರು, ರಜೆ ಕೊಡುವವರು ಯಾರು ಎಂಬುದನ್ನು ಬರೆದಿಡದಿದ್ದರೆ ಜಗಳ ಖಂಡಿತ. ಕನಿಷ್ಠ ಮೂರು ವರ್ಷಗಳ ಒಪ್ಪಂದವಿರಲಿ, ಸಂಬಳ ತಿಂಗಳಿಗೆ ಸರಿಯಾಗಿ ಸಿಗಲಿ. ಒಂದು ಟೂರ್ನಿ ಸೋತ ಕೂಡಲೇ ಬದಲಾಯಿಸಿದರೆ ನಷ್ಟವಾಗುವುದು ಮಕ್ಕಳಿಗೆ.

ಕ್ರೀಡೆಯ ಕುರಿತು ವ್ಯಾಟಿಕನ್ 2018ರ ಜೂನ್ 1ರಂದು ಪ್ರಕಟಿಸಿದ ದಾಖಲೆ, ಆಟವನ್ನು ವ್ಯಕ್ತಿಯ ಸಮಗ್ರ ಬೆಳವಣಿಗೆಯ ದಾರಿಯೆಂದು ಕಾಣುತ್ತದೆ. ಸಂಜೆಯ ಕೊನೆಯ ಬಸ್ಸಿಗೆ ಓಡುವ ಹಳ್ಳಿಯ ಹುಡುಗ ಹುಡುಗಿಯರಿಗೆ ತರಬೇತುದಾರರು ಕೇವಲ ಆಟ ಕಲಿಸುವವರಲ್ಲ. ಸೋಲನ್ನು ತಾಳಿಕೊಳ್ಳಲು, ಜೊತೆಗಾರನಿಗೆ ಚೆಂಡು ಬಿಟ್ಟುಕೊಡಲು ಕಲಿಸುವವರು. ಆಯ್ಕೆ ಸಮಿತಿಯಲ್ಲಿ ಕುಳಿತ ಪಾಲನಾ ಪರಿಷತ್ತಿನ ಬಂಧುಗಳು ಮುಂದಿನ ಸಲ ಅರ್ಜಿಗಳನ್ನು ಓದುವಾಗ ಈ ಮಾತನ್ನು ನೆನಪಿನಲ್ಲಿಡಬೇಕೆಂದು ನಾವು ವಿನಂತಿಸುತ್ತೇವೆ.