ಫ್ರಿಜ್ಜಿಗೆ ಮೊದಲು ಅರ್ತಿಂಗ್

ಹಿರಿಯರು 'ತಂಗಳು ಪೆಟ್ಟಿಗೆ' ಎಂದು ಗೇಲಿ ಮಾಡುತ್ತಿದ್ದ ಫ್ರಿಜ್ಜು ಈಗ ನಮ್ಮ ಹೊನ್ನಾವರದ ಹಳ್ಳಿಮನೆಗಳಲ್ಲೂ ಇದೆ. ಕೊಳ್ಳುವಾಗ ಬಣ್ಣ, ಲೀಟರು ವಿಚಾರಿಸುತ್ತೇವೆ. ಅರ್ತಿಂಗ್ ವಿಚಾರಿಸುವವರು ಕಡಿಮೆ.

ಮಳೆಗಾಲದ ಒದ್ದೆ ನೆಲ, ಬರಿಗಾಲು, ತಗಡಿನ ಬಾಗಿಲು. ಒಳಗೆ ಕರೆಂಟು ಸೋರಿದರೆ ಜೀವಕ್ಕೇ ಸಂಚಕಾರ. ಪ್ಲಗ್ಗಿನ ದಪ್ಪ ಪಿನ್ನು ಇರುವುದೇ ಅದನ್ನು ನೆಲಕ್ಕಿಳಿಸಲು. 'ಮುಟ್ಟಿದ್ರೆ ಜುಂ ಅಂತದೆ' ಎಂದು ಮನೆಯವರು ಹೇಳಿದರೆ ತಡಮಾಡದೆ ಮೈನ್ ಸ್ವಿಚ್ ತೆಗೆದು ವೈರ್‌ಮನ್‌ನನ್ನು ಕರೆಸಿ.

ನಮ್ಮ ಕೆಂಪುಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗುತ್ತದೆ. ಒಣನೆಲದಲ್ಲಿ ಕರೆಂಟು ಸರಿಯಾಗಿ ಇಳಿಯದು. ಅದಕ್ಕೇ ನಾನು ಅರ್ತ್ ಗುಂಡಿಯನ್ನು ಬಚ್ಚಲ ನೀರು ಹರಿಯುವ ಬಾಳೆಬುಡದ ಹತ್ತಿರ ತೆಗೆಸಿದ್ದೇನೆ. ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುತ್ತೇನೆ. ಜೊತೆಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆ. ಕರೆಂಟು ಸೋರಿದರೆ ತಾನೇ ಬೀಳುತ್ತದೆ.

ಇನ್ನುಳಿದದ್ದು ಸುಲಭ. ಗೋಡೆಗೆ ಒತ್ತಿ ಇಡಬೇಡಿ, ಬಿಸಿಗಾಳಿ ಹೊರಹೋಗಬೇಕು. ಕರೆಂಟು ಹೋದಾಗ ಬಾಗಿಲು ತೆರೆಯದಿದ್ದರೆ ಸುಮಾರು 4 ಗಂಟೆ ತಂಪು ಉಳಿಯುತ್ತದೆ. ಬಂದ ಮೇಲೆ 5 ನಿಮಿಷ ಬಿಟ್ಟು ಹಾಕಿ, ಕಂಪ್ರೆಸರಿಗೆ ಒಳ್ಳೆಯದು. ಉಪ್ಪುಗಾಳಿಗೆ ಅಡಿಭಾಗ ತುಕ್ಕು ಹಿಡಿಯುತ್ತದೆ; ಪ್ಲಗ್ ಕಿತ್ತು ಒಣಬಟ್ಟೆಯಿಂದ ಒರೆಸಿ. ಐಸು ಕೆರೆಯಲು ಚಾಕು ಬೇಡ, ಗ್ಯಾಸಿನ ನಳಿಗೆ ತೂತಾದೀತು.

ಹಾಲು, ಹಿಟ್ಟು ಕೆಟ್ಟರೆ ನಾಳೆ ಮತ್ತೆ ಮಾಡಿಕೊಳ್ಳಬಹುದು. ಫ್ರಿಜ್ಜಿಗೆ ಹಾಕುವ ದುಡ್ಡಿನಲ್ಲಿ ಒಂದು ಪಾಲು ಅರ್ತಿಂಗಿಗೂ ತೆಗೆದಿಡಿ.