ಸಾಗರ ದಾಟೋಕೆ ತೋಳ್ಬಲ ಸಾಕಾ?

2019ರ ಡಿಸೆಂಬರ್ 13. ದಕ್ಷಿಣ ಅಮೆರಿಕದ ತುತ್ತತುದಿ ಕೇಪ್ ಹಾರ್ನ್‌ನಿಂದ ಆರು ಜನ ಒಂದು ರೋಯಿಂಗ್ ಬೋಟ್ ಹತ್ತಿ ಅಂಟಾರ್ಕ್ಟಿಕಾ ಕಡೆ ಹೊರಟರು. ಎಂಜಿನ್ ಇಲ್ಲ, ಹಾಯಿ ಇಲ್ಲ, ಬರೀ ಹುಟ್ಟು. ಕ್ರಿಸ್‌ಮಸ್ ದಿನ ದಡ ಮುಟ್ಟಿದರು. ಡ್ರೇಕ್ ಪ್ಯಾಸೇಜ್ ಅನ್ನು ಮನುಷ್ಯರು ಹುಟ್ಟು ಹಾಕಿ ದಾಟಿದ್ದು ಅದೇ ಮೊದಲು.

ಸುದ್ದಿಯಲ್ಲಿ ಹೆಚ್ಚು ಮಿಂಚಿದ್ದು ಅಮೆರಿಕದ ಕಾಲಿನ್ ಒ'ಬ್ರೇಡಿ ಹೆಸರು. ತಮಾಷೆ ಅಂದ್ರೆ, ಈ ತಂಡಕ್ಕೆ ಬರೋ ಮುಂಚೆ ಅವರಿಗೆ ರೋಯಿಂಗೇ ಗೊತ್ತಿರಲಿಲ್ಲ. ಕ್ಯಾಪ್ಟನ್ ಆಗಿದ್ದವರು ಐಸ್‌ಲ್ಯಾಂಡಿನ ಫಿಯಾನ್ ಪಾಲ್. ಅಟ್ಲಾಂಟಿಕ್, ಪೆಸಿಫಿಕ್, ಹಿಂದೂ ಮಹಾಸಾಗರ, ಆರ್ಕ್ಟಿಕ್ ಎಲ್ಲದರಲ್ಲೂ ಹುಟ್ಟು ಹಾಕಿ ಬಂದವರು. ಜೇಮೀ ಡಗ್ಲಸ್-ಹ್ಯಾಮಿಲ್ಟನ್ 2014ರಲ್ಲೇ ಇವರ ಜೊತೆ ಹಿಂದೂ ಮಹಾಸಾಗರ ದಾಟಿದ್ದರು. ಆಂಡ್ರ್ಯೂ ಟೌನ್, ಜಾನ್ ಪೀಟರ್ಸನ್ ಇಬ್ಬರೂ ಯೇಲ್ ವಿಶ್ವವಿದ್ಯಾಲಯದ ರೋಯಿಂಗ್ ತಂಡದಲ್ಲಿ ಪಳಗಿದವರು. ಅನುಭವ ಇದ್ದವರ ಹೆಸರು ಕ್ಯಾಮೆರಾ ಮುಂದೆ ಯಾಕೆ ಹಿಂದಕ್ಕೆ ಸರಿಯುತ್ತೆ ಅನ್ನೋದು ನನಗೆ ಕಾಡುವ ಪ್ರಶ್ನೆ. ಅದಕ್ಕೇ, ಇಲ್ಲಿ ಅನುಭವ ಅಂದ್ರೆ ಏನು ಅಂತ ನೋಡೋಣ.

ಒಲಿಂಪಿಕ್ ರೋಯಿಂಗ್ ಎರಡು ಕಿಲೋಮೀಟರ್, ಶಾಂತ ನೀರು, ಆರೇಳು ನಿಮಿಷದಲ್ಲಿ ಮುಗೀತು. ಸಾಗರದಲ್ಲಿ ಒಂದು ಹುಟ್ಟು ನೀರಿಗೆ ಇಳಿದರೆ ಇನ್ನೊಂದು ಗಾಳಿಯಲ್ಲಿರುತ್ತೆ. ಡ್ರೇಕ್ ಇನ್ನೂ ಕೆಟ್ಟದ್ದು. ಆ ಅಕ್ಷಾಂಶದಲ್ಲಿ ಭೂಮಿ ಸುತ್ತಿ ಬರೋ ಗಾಳಿಗೆ ಅಡ್ಡಿಯಾಗುವ ನೆಲವೇ ಇಲ್ಲ. ಪಶ್ಚಿಮದಿಂದ ಪೂರ್ವಕ್ಕೆ ನುಗ್ಗುವ ಪ್ರವಾಹಕ್ಕೆ ಇದೇ ಕಿರಿದಾದ ಬಾಗಿಲು. ನೀವು ದಕ್ಷಿಣಕ್ಕೆ ಹೊರಟರೆ ಸಮುದ್ರ ನಿಮ್ಮನ್ನು ಪಕ್ಕಕ್ಕೆ ಎಳೆಯುತ್ತೆ. ಮೂವರು 90 ನಿಮಿಷ ಹುಟ್ಟು ಹಾಕೋದು, ಮೂವರು ಅಷ್ಟೇ ಹೊತ್ತು ಮಲಗೋದು, ಹಗಲೂ ರಾತ್ರಿ ಇದೇ. ಆ 90 ನಿಮಿಷದಲ್ಲೇ ಊಟ, ಒದ್ದೆ ಬಟ್ಟೆ, ಕುಂಡೆಯ ಮೇಲಿನ ಉಪ್ಪುಹುಣ್ಣಿಗೆ ಮುಲಾಮು. ಬಿರುಗಾಳಿ ಎದ್ದಾಗ ಹುಟ್ಟು ಎತ್ತಿಟ್ಟು, ನೀರೊಳಗಿನ ಪ್ಯಾರಾಚೂಟಿನಂಥ ಸೀ ಆ್ಯಂಕರ್ ಇಳಿಸಿ ಸುಮ್ಮನೆ ಕೂರಬೇಕು. ಯಾವಾಗ ನಿಲ್ಲಿಸಬೇಕು ಅನ್ನೋದು ತೋಳಿಗೆ ಗೊತ್ತಾಗೋ ವಿಷಯ ಅಲ್ಲ. (ಹಿಂದೆ ಬೆಂಗಾವಲು ಹಡಗೊಂದಿತ್ತು ಅನ್ನೋದನ್ನೂ ಹೇಳಿಬಿಡಬೇಕು.)

ಎಂಜಿನಿಯರಿಂಗ್ ಓದುವಾಗ ಮೆಟಾಸೆಂಟರ್ ಚಿತ್ರ ಬರೆದು ಮಾರ್ಕ್ಸ್ ತಗೊಂಡಿದ್ದೆ, ಅರ್ಥ ಆಗಿರಲಿಲ್ಲ. ಅರ್ಥ ಮಾಡಿಸಿದ್ದು ಈ ದೋಣಿಗಳೇ. ಎರಡೂ ತುದಿಯಲ್ಲಿ ಗಾಳಿ ತುಂಬಿದ ಎತ್ತರದ ಕ್ಯಾಬಿನ್. ನೀರು, ಬ್ಯಾಟರಿ, ಊಟದಂಥ ಭಾರವೆಲ್ಲಾ ತಳದಲ್ಲಿ. ಮಗುಚಿದರೆ ಕ್ಯಾಬಿನ್‌ಗಳು ತೇಲ್ತವೆ, ಭಾರ ಮೇಲೆ ಹೋಗುತ್ತೆ. ಆ ಸ್ಥಿತಿ ನಿಲ್ಲಲ್ಲ, ದೋಣಿ ತಾನಾಗಿ ಹೊರಳಿ ಸರಿಯಾಗುತ್ತೆ. ಆದರೆ ಕ್ಯಾಬಿನ್ ಬಾಗಿಲು ಮುಚ್ಚಿರಬೇಕು. ನಿದ್ದೆಗಣ್ಣಲ್ಲಿ ಪಾಳಿ ಬದಲಿಸೋವಾಗ ಒಬ್ಬ ಚಿಲಕ ಮರೆತರೆ ಫಿಸಿಕ್ಸ್ ಕೂಡ ಕೈಬಿಡುತ್ತೆ.

2005ರ ಅಟ್ಲಾಂಟಿಕ್ ರೇಸಿನಲ್ಲಿ ಎರಡು ಒಲಿಂಪಿಕ್ ಚಿನ್ನದ ಜೇಮ್ಸ್ ಕ್ರ್ಯಾಕ್ನೆಲ್, ಟಿವಿ ನಿರೂಪಕ ಬೆನ್ ಫೋಗಲ್ ಜೊತೆ ಹೋಗಿದ್ದರು. ದೋಣಿ ಮಗುಚಿತು. ಸಮತೋಲನಕ್ಕೆಂದು ತಳದಲ್ಲಿಟ್ಟಿದ್ದ ನೀರನ್ನು ಬಳಸಿದ್ದಕ್ಕೆ ದಂಡನೆ ಬಿತ್ತು, ಗೆದ್ದ ಸ್ಥಾನ ಹೋಯಿತು. ಚಿನ್ನದ ಪದಕ ಇದ್ದ ಮಾತ್ರಕ್ಕೆ ಸಾಗರ ರಿಯಾಯಿತಿ ಕೊಡಲ್ಲ.

1966ರಲ್ಲಿ ಬ್ರಿಟನ್ನಿನ ಎರಡು ಜೋಡಿಗಳು ಅಮೆರಿಕದಿಂದ ಹೊರಟಿದ್ದವು. ಸೇನೆಯ ಜಾನ್ ರಿಡ್ಜ್‌ವೇ, ಚೇ ಬ್ಲೈತ್ 92 ದಿನ ಹುಟ್ಟು ಹಾಕಿ ಸೆಪ್ಟೆಂಬರ್ 3ರಂದು ಐರ್ಲೆಂಡ್ ಸೇರಿದರು. ಪತ್ರಕರ್ತರಾದ ಡೇವಿಡ್ ಜಾನ್‌ಸ್ಟನ್, ಜಾನ್ ಹೋರ್ ಅವರ ಪಫಿನ್ ದೋಣಿ ಮಗುಚಿದ ಸ್ಥಿತಿಯಲ್ಲಿ ಸಿಕ್ಕಿತು, ಅವರು ಸಿಗಲಿಲ್ಲ. ದೋಣಿಯಲ್ಲಿದ್ದ ದಿನಚರಿಯ ಕೊನೆಯ ಬರಹದ ದಿನಾಂಕವೂ ಸೆಪ್ಟೆಂಬರ್ 3. ಅವತ್ತಿನ ದೋಣಿಗಳಲ್ಲಿ ಇವತ್ತಿನ ಹಾಗೆ ಸ್ಯಾಟಲೈಟ್ ಫೋನ್ ಇರಲಿಲ್ಲ.

ಈಗ ಅದೆಲ್ಲಾ ಇದೆ, ಆದರೆ ನಾಲ್ವರ ತಂಡಕ್ಕೆ ದೋಣಿ, ಪ್ರವೇಶ, ತರಬೇತಿ, ಊಟ ಸೇರಿ ಕೋಟಿ ರೂಪಾಯಿ ಆಸುಪಾಸಿನ ಮಾತು. ಜೊತೆಗೆ ತಿಂಗಳುಗಟ್ಟಲೆ ರಜೆ. ಹಾಗಾಗಿ 'ಯಾರು ಬೇಕಾದ್ರೂ ಮಾಡಬಹುದು' ಅನ್ನೋ ಪ್ರಾಯೋಜಕರ ಭಾಷೆಯನ್ನು ನಾನಂತೂ ನಂಬಲ್ಲ. ಸ್ಪಾನ್ಸರ್‌ಗೆ ಮುಖ ಬೇಕು, ಮುಖಕ್ಕೆ ಕಥೆ ಬೇಕು. ಹ್ಯಾಚ್ ಮುಚ್ಚಿದೆಯಾ ಅಂತ ಪ್ರತಿ ಪಾಳಿಗೂ ನೋಡುವವನು ಕಥೆ ಆಗಲ್ಲ.

ಬೆಂಗಳೂರಿನಲ್ಲಿ ಹುಟ್ಟಿದ, ಜಿ.ಎಸ್. ಶಿವರುದ್ರಪ್ಪನವರ ಮೊಮ್ಮಗಳು ಅನನ್ಯ ಪ್ರಸಾದ್ 2025ರ ಜನವರಿ 31ರಂದು 52 ದಿನಗಳ ನಂತರ ಆಂಟಿಗುವಾ ತಲುಪಿದಾಗ ಎಲ್ಲರೂ 'ಒಂಟಿ' ಅಂತಲೇ ಬರೆದರು. ದೋಣಿಯಲ್ಲಿ ಒಂಟಿ ಹೌದು. ಆದರೆ ದಡದಲ್ಲಿ ತರಬೇತಿ ಕೊಟ್ಟವರು, ದೇಣಿಗೆ ಕೊಟ್ಟವರು ಇದ್ದರು. ಆ ದೇಣಿಗೆಯಲ್ಲಿ ಒಂದು ಪಾಲು ಚಾಮರಾಜನಗರದ ದೀನಬಂಧು ಟ್ರಸ್ಟಿನ ಮಕ್ಕಳಿಗೆ.